ಕರೆಂಟ್ ಫ್ರೀ ಅಂತ ಮೂರು ಗೀಸರ್ ಯಾಕವ್ವಾ?

ನಮ್ಮ ತಂಗಿ ಮಗ ಹೊಸಪೇಟೆಯಾಗ ಮನಿ ಕಟ್ಟಿಸಾಕತ್ಯಾನ. ಗ್ವಾಡಿ ಎದ್ದಾವ, ಸ್ಲ್ಯಾಬ್ ಬಿದ್ದೈತಿ, ಪ್ಲಂಬರ್ ಬರೋದು ಬಾಕಿ. ಹೋದ ವಾರ ನೋಡಾಕ ಹೋಗಿದ್ದೆ. ಮೂರು ರೂಮಿಗೆ ಮೂರು ಅಟ್ಯಾಚ್ ಬಾತ್‌ರೂಮು, ಮೂರಕ್ಕೂ ಗೀಸರ್ ಪಾಯಿಂಟ್ ಅಂತ ಗ್ವಾಡಿ ಮ್ಯಾಲೆ ಬಳಪದಾಗ ಗುರುತು ಹಾಕ್ಯಾರ. "ಸೋಲಾರ್ ಎಲ್ಲೋ ತಮ್ಮಾ?" ಅಂದೆ. "ದೊಡ್ಡವ್ವಾ, ಈಗ ಕರೆಂಟ್ ಫ್ರೀ ಐತಿ, ಸೋಲಾರ್ ಯಾರ್ ಹಾಕಸ್ತಾರ?" ಅಂದ. ಅವನ ಹೆಂಡ್ತಿ ನನ್ನ ಮಾರಿ ನೋಡಿ ಸುಮ್ಮನಾದ್ಲು. ಮುಂಜಾನೆ ಐದಕ್ಕೆದ್ದು ಮನಿ ಮಂದಿಗೆಲ್ಲ ನೀರು ಕಾಯಿಸೋಳು ಅವಳು. ಅವಳನ್ನ ಮಾತ್ರ ಯಾರೂ ಕೇಳಿಲ್ಲ.

ಈ "ಫ್ರೀ" ಅನ್ನೋ ಮಾತು ಕೇಳಿ ಕೇಳಿ ನನಗ ಸಾಕಾಗೈತಿ. ಗೃಹಜ್ಯೋತಿ ಬ್ಯಾಡ ಅಂತಿಲ್ಲ, ನಾನೂ ತಗೊಂಡೀನಿ. ಆದ್ರ ಅದರ ಲೆಕ್ಕ ತಿಳ್ಕೊಳ್ರಿ. 2023ರಾಗ ಶುರುವಾದಾಗಿಂದ ಎಲ್ಲಾರಿಗೂ 200 ಯೂನಿಟ್ ಪುಕ್ಕಟೆ ಅಂತ ಮಂದಿ ತಿಳಿದಾರ. ಹಂಗಿಲ್ಲ. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ರೋ ಅದರ ಮ್ಯಾಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಪುಕ್ಕಟೆ ಅಂತ ಶುರುವಿನಾಗ ಮಾಡಿದ್ರು. ಅದಕ್ಕಿಂತ ಹೆಚ್ಚಾದದ್ದಕ್ಕ ರೊಕ್ಕ ಕಟ್ಟಬೇಕು. 200 ದಾಟಿತೋ, ಪೂರಾ ಬಿಲ್ಲು ನಮ್ಮ ತಲಿ ಮ್ಯಾಲೆ. ಹೊಸ ಮನಿಗೆ ಹಿಂದಿನ ಲೆಕ್ಕ ಎಲ್ಲಿಂದ ಬರಬೇಕು? ಅದಕ್ಕ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಹತ್ತು ಪರ್ಸೆಂಟ್ ಕೂಡಿಸಿ, 58 ಯೂನಿಟ್ ಅಂತ ಮಾಡಿದ್ರು.

ಈಗ ಗೀಸರ್ ಲೆಕ್ಕ ಹಾಕ್ರಿ. ಎರಡು ಕಿಲೋವ್ಯಾಟಿನದು ಅರ್ಧ ತಾಸು ಉರಿದ್ರ ಒಂದು ಯೂನಿಟ್. ನಾಲ್ಕೈದು ಮಂದಿ ಜಳಕಕ್ಕ ದಿನಾ ಎರಡು ಯೂನಿಟ್ ಅಂದ್ರೂ ತಿಂಗಳಿಗೆ 60. ಜಳಕದ ನೀರಿಗೇ ಆ 58 ಮುಗೀತು. ಫ್ಯಾನು, ಫ್ರಿಜ್ಜು, ಮಿಕ್ಸರ್, ಬೋರಿನ ಮೋಟರ್ ಎಲ್ಲಾ ರೊಕ್ಕದ ಮ್ಯಾಲೆ. ಯಾರೋ ಒಬ್ರು ಸ್ವಿಚ್ ಆರಿಸೋದು ಮರೆತು ಆಫೀಸಿಗೆ ಹೋದ್ರಂತೂ ಮುಗೀತು. ಜೆಸ್ಕಾಂ ಬಿಲ್ಲು ಬಂದ ದಿನ "ಏನ್ ಮಾಡ್ತೀರಿ ಮನ್ಯಾಗ ಕುಂತು?" ಅನ್ನಿಸ್ಕೊಳ್ಳೋರು ಯಾರು, ನಿಮಗೇ ಗೊತ್ತು.

ಹೊಸಪೇಟಿ ಬಿಸಿಲು ಅಂದ್ರ ಏನು ಅಂತ ಹೊರಗಿನವರಿಗೆ ಹೇಳಬೇಕು, ನಮಗೇನು? ವರ್ಷದಾಗ ಬಿಸಿಲು ಕಾಣದ ದಿನ ಬೆರಳೆಣಿಕೆ. ಇಂಥ ಊರಾಗ ನೀರು ಕಾಯಿಸೋಕ ಕರೆಂಟ್ ಸುಡೋದು ಹೊಳಿ ದಂಡಿಗೆ ಕುಂತು ಬಾಟಲಿ ನೀರು ಕೊಂಡಂಗ. ಒಮ್ಮೆಲೇ ರೊಕ್ಕ ಜಾಸ್ತಿ ಬೀಳ್ತೈತಿ, ಸುಳ್ಳಲ್ಲ. ಅದೇ ಮಂದಿ ಹಾಲಿಗೆ ಪಿಒಪಿ ಹೂವು ಬಿಡಿಸಿ, ಅದರೊಳಗ ಬಣ್ಣದ ಲೈಟ್ ಹಾಕಿಸೋಕ ಕೈ ಹಿಂದೆ ತಗಿಯಂಗಿಲ್ಲ.

ಆದ್ರ ಸೋಲಾರ್ ಅಂತ ಕಣ್ಣು ಮುಚ್ಚಿ ತರಬ್ಯಾಡ್ರಿ. ನಿಮ್ಮ ನೀರು ಯಾವುದು ನೋಡ್ರಿ. ಬೋರಿನ ಗಡಸು ನೀರಿದ್ರ ಚಪ್ಪಟೆ ಪ್ಯಾನೆಲ್ ಒಳಗಿನ ಸಣ್ಣ ತಾಮ್ರದ ಪೈಪಿನಾಗ ಉಪ್ಪು ಕಟ್ಟಿ, ನಾಲ್ಕು ವರ್ಷಕ್ಕ ನೀರು ಬೆಚ್ಚಗೂ ಆಗಂಗಿಲ್ಲ. ಅದಕ್ಕ ಗಾಜಿನ ಟ್ಯೂಬಿಂದು ಬೇಸು. ಆದ್ರ ಹಂಪಿ, ಕಮಲಾಪುರದ ಕಡೆ ಮನಿ ಇದ್ದವರು ಟ್ಯೂಬ್ ಹಾಕಿಸೋ ಮುಂಚೆ ಮಂಗ್ಯಾಗಳನ್ನ ನೆನಸ್ಕೊಳ್ರಿ. ಮಾಳಿಗಿ ಮ್ಯಾಲೆ ಅವು ಜಿಗಿದಾಡಿದ್ರ ಟ್ಯೂಬ್ ಉಳಿಯಂಗಿಲ್ಲ. ಅಲ್ಲಿ ಗಟ್ಟಿ ಗಾಜಿನ ಪ್ಯಾನೆಲ್ಲೇ ಸರಿ, ಇಲ್ಲಾ ಮ್ಯಾಲೆ ಜಾಳಗಿ ಹಾಕಿಸಬೇಕು. ಸಂಡೂರು ಕಡೆಯವರಿಗೆ ಗಣಿ ಧೂಳು: ಕೆಂಪು ಪದರ ಕುಂತ್ರ ಬಿಸಿಲು ಒಳಗೆ ಇಳಿಯಂಗಿಲ್ಲ. ಹದಿನೈದು ದಿನಕ್ಕೊಮ್ಮೆ ಮುಂಜಾನೆ ತಂಪಿನಾಗ ನೀರು ಹೊಡೀರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹಾಕಿದ್ರ ಸೀಳ್ತೈತಿ.

ಮುಖ್ಯ ಮಾತು ಇನ್ನೊಂದು ಐತಿ. ಮಾಳಿಗಿ ಮ್ಯಾಲಿನ ತಣ್ಣೀರ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಎತ್ತರ ಇರಬೇಕು. ಮೇಸ್ತ್ರಿ ಎರಡೂವರೆ ಅಡಿ ಕಟ್ಟಿ ಕಟ್ಟಿ ಸಿಂಟೆಕ್ಸ್ ಕೂಡಿಸಿಬಿಡ್ತಾನ. ಆಮ್ಯಾಗ ಸೋಲಾರಿಗೆ ನೀರು ಏರಂಗಿಲ್ಲ, ಮೋಟರ್ ಇಡ್ರಿ ಅಂತಾರ. ನಮ್ಮನ್ಯಾಗ ಹಿಂಗೇ ಆಗಿ, ಕಟ್ಟಿದ ಕಟ್ಟಿ ಒಡೆದು ಮತ್ತ ಏರಿಸಬೇಕಾತು. ಬಿಸಿನೀರ ಪೈಪು ಬ್ಯಾರೆ, ಅದು ಸಿಪಿವಿಸಿ ಇರಬೇಕು, ಟೈಲ್ಸ್ ಹಚ್ಚೋ ಮುಂಚೆ ಗ್ವಾಡ್ಯಾಗ ಹೋಗಬೇಕು. ಬಚ್ಚಲು ಟ್ಯಾಂಕಿಗೆ ದೂರ ಆದಷ್ಟೂ ಬಿಸಿ ಬರೋತನ ಅರ್ಧ ಬಕೀಟ್ ನೀರು ಹಾಳು. ಅಡಿಗಿ ಮನಿಗೂ ಒಂದು ಲೈನ್ ಎಳಸ್ರಿ. ಎಣ್ಣಿ ಜಿಡ್ಡಿನ ಪಾತ್ರೆ ತಣ್ಣೀರಾಗ ತಿಕ್ಕಿ ನೋಡಿದ ಗಂಡಸರು ಇದ್ರ ಅವರೇ ಮೊದಲು ಹಾಕಸ್ತಿದ್ರು.

ಮೋಡದ ದಿನಕ್ಕ ಅಂತ ಸೋಲಾರ್ ಟ್ಯಾಂಕಿನಾಗೇ ಕಾಯಿಲ್ ಇಡಸ್ತೀವಿ ಅಂತಾರ. ಬ್ಯಾಡ. ಇಬ್ಬರ ಜಳಕಕ್ಕ ಇನ್ನೂರು ಲೀಟರ್ ಕಾಯಿಸಬೇಕಾಗ್ತೈತಿ, ಐದಾರು ಯೂನಿಟ್ ಒಂದೇ ಮುಂಜಾನೆ. ಒಂದು ಬಚ್ಚಲಿಗೆ ಒಂದು ಸಣ್ಣ ಗೀಸರ್ ಇರಲಿ, ಸಾಕು.

ಗ್ಯಾಸ್ ಗೀಸರ್ ಮಾತ್ರ ಬಚ್ಚಲೊಳಗ ಕಾಲಿಡಬಾರದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲದಾಗ ಅದು ಉರಿದ್ರ ಕಾರ್ಬನ್ ಮಾನಾಕ್ಸೈಡ್ ತುಂಬ್ತೈತಿ. ವಾಸನಿ ಇಲ್ಲ, ಬಣ್ಣ ಇಲ್ಲ, ತಲಿ ತಿರುಗಿತು ಅನ್ನೋದ್ರೊಳಗ ಬಿದ್ದಿರ್ತಾರ. ಇಂಥ ಸುದ್ದಿ ಪೇಪರಿನಾಗ ನೀವೂ ಓದೀರಿ. ಹಾಕಸಲೇಬೇಕು ಅಂದ್ರ ಗೀಸರ್ ಹೊರಗಿನ ಗ್ವಾಡಿಗೆ, ಪೈಪ್ ಅಷ್ಟೇ ಒಳಗೆ.

ನೀವು ಕೇಳಬಹುದು, ಹಂಡೆ ಏನಾತವ್ವಾ ಅಂತ. ಬಳ್ಳಾರಿ ಜಾಲಿ ಕಟಗಿ ಉರಿ ಹಚ್ಚಿ, ಹೊಗಿಗೆ ಕಣ್ಣೀರು ಹಾಕ್ಕೋತ ಇಪ್ಪತ್ತು ವರ್ಷ ನೀರು ಕಾಸಿದವಳು ನಾನು. ಅದನ್ನ ದಿನಾ ಮಾಡ್ರಿ ಅಂತ ಯಾವ ಸೊಸಿಗೂ ಹೇಳಂಗಿಲ್ಲ. ಆದ್ರ ಮನ್ಯಾಗ ಬಾಣಂತಿ ಬಂದ್ರ? ಹದಿನೈದು ಲೀಟರ್ ಗೀಸರ್ ನೀರು ಬೆನ್ನಿಗೂ ಸಾಲಂಗಿಲ್ಲ, ಮಗೀಗೆ ಬ್ಯಾರೆ ಬೇಕು. ದೀಪಾವಳಿಗೆ ನೀರು ತುಂಬೋ ದಿನ ಸುಣ್ಣ ಕೆಮ್ಮಣ್ಣು ಹಚ್ಚಿ ಬಳ್ಳಿ ಕಟ್ಟೋದು ಗೀಸರಿಗಾ? ಹಿತ್ತಲದಾಗ ಒಂದು ಒಲಿಗೆ, ಹೊಗಿ ಹೋಗೋ ಕೊಳವಿಗೆ ನಾಲ್ಕಡಿ ಜಾಗ ಬಿಡಸ್ರಿ. ಕಂಪ್ಲಿ ಕಡೆ ಹೊಲದಾಗ ಮನಿ ಇದ್ದವರಿಗೆ ಜಾಗದ ಚಿಂತಿನೂ ಇಲ್ಲ, ಕಟಗಿ ಚಿಂತಿನೂ ಇಲ್ಲ.

ತಂಗಿ ಮಗನಿಗೆ ಇಷ್ಟೂ ಹೇಳಿದೆ. "ನೋಡೋಣ ದೊಡ್ಡವ್ವಾ" ಅಂದ. ನಿನ್ನೆ ಅವನ ಹೆಂಡ್ತಿ ಫೋನ್ ಮಾಡಿದ್ಲು. ಸೋಮವಾರ ಪ್ಲಂಬರ್ ಬರ್ತಾನಂತ, "ನೀವೂ ಬರ್ರಿ ಅತ್ತಿ, ಟ್ಯಾಂಕಿನ ಎತ್ತರದ ಮಾತು ನಾನೇ ತಗೀತೀನಿ" ಅಂದ್ಲು. ಅಳತಿ ಟೇಪ್ ತಗೊಂಡು ಹೋಗಾಕತ್ತೀನಿ.