ಹಿರಿಯರ ಪಿಂಚಣಿ, ಸಿರಿವಂತರ ತೆರಿಗೆ: ನ್ಯಾಯ ಯಾವ ಕಡೆ?

ವರ್ಷದ ಕೊನೆಯ ತಿಂಗಳುಗಳಲ್ಲಿ ನಮ್ಮಲ್ಲಿ ಕೆಲವರಿಗೆ ಸಂಬಳ ಸ್ವಲ್ಪ ಹೆಚ್ಚಾಗಿ ಕೈಗೆ ಬರುತ್ತದೆ. ಅದು ಬೋನಸ್ ಅಲ್ಲ, ಬಡ್ತಿಯೂ ಅಲ್ಲ. ಆ ವರ್ಷದ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಮುಗಿದಿರುತ್ತದೆ, ಅಷ್ಟೆ. ಅಮೆರಿಕದಲ್ಲಿ ಹಿರಿಯರ ಪಿಂಚಣಿ ಮುಂತಾದವಕ್ಕೆಂದು ನಮ್ಮ ಸಂಬಳದಿಂದ ಶೇ. 6.2ರಷ್ಟು ಮುರಿದುಕೊಳ್ಳುತ್ತಾರೆ, ಕಂಪನಿಯೂ ಅಷ್ಟನ್ನೇ ಕಟ್ಟುತ್ತದೆ. ಆದರೆ 2026ರಲ್ಲಿ 1,84,500 ಡಾಲರ್ ದಾಟಿದ ಸಂಬಳಕ್ಕೆ ಈ ತೆರಿಗೆ ಇಲ್ಲ.

ಲೆಕ್ಕ ನೋಡಿ. ವರ್ಷಕ್ಕೆ 60,000 ಡಾಲರ್ ದುಡಿಯುವ ನರ್ಸ್ ಪೂರ್ತಿ ಸಂಬಳದ ಮೇಲೆ ಶೇ. 6.2, ಅಂದರೆ 3,720 ಡಾಲರ್ ಕಟ್ಟುತ್ತಾರೆ. 18,45,000 ಡಾಲರ್ ಪಡೆಯುವ ಕಂಪನಿಯ ಮುಖ್ಯಸ್ಥರು ಕಟ್ಟುವುದು 11,439 ಡಾಲರ್, ಶೇ. 0.62 ಮಾತ್ರ!

ಮಿತಿಗೂ ಒಂದು ಕಾರಣವಿದೆ. ಪಿಂಚಣಿಯ ಲೆಕ್ಕವೂ ಆ ಮಿತಿಯೊಳಗಿನ ಸಂಬಳದ ಮೇಲೆಯೇ ನಡೆಯುತ್ತದೆ. ಇದು ದಾನವಲ್ಲ, ದುಡಿದು ಗಳಿಸಿದ ಹಕ್ಕು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಧಿಯ ಟ್ರಸ್ಟಿಗಳ 2025ರ ವರದಿಯಂತೆ ವೃದ್ಧಾಪ್ಯ ನಿಧಿಯ ಉಳಿತಾಯ 2033ರಲ್ಲಿ ಬರಿದಾಗುತ್ತದೆ. ಆಮೇಲೆ ಬರುವ ತೆರಿಗೆಯಿಂದ ಕೊಡಲಾಗುವುದು ಶೇ. 77 ಮಾತ್ರ. ಆ ಕಡಿತ ಪಿಂಚಣಿಯೊಂದನ್ನೇ ನಂಬಿದ ಅಜ್ಜಿಗೂ ಒಂದೇ, ಷೇರು-ಬಂಗಲೆ ಇರುವವರಿಗೂ ಒಂದೇ.

2025ರ ತೆರಿಗೆ ಕಾನೂನು 65 ದಾಟಿದವರಿಗೆ 2028ರವರೆಗೆ 6,000 ಡಾಲರ್ ವಿನಾಯಿತಿ ಕೊಟ್ಟಿದೆ. ಹೆಚ್ಚು ಆದಾಯವಿದ್ದವರಿಗೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಒಳ್ಳೆಯದೇ. ಆದರೆ ತೆರಿಗೆಯೇ ಬೀಳದಷ್ಟು ಬಡವರಿಗೆ ಇದರಿಂದ ಬಿಡಿಗಾಸಿನ ಲಾಭವೂ ಇಲ್ಲ.

ನಮಗೂ ಒಂದು ಕೊರಗಿದೆ. ಹತ್ತು ವರ್ಷದ ದುಡಿಮೆಗೆ ಸಮನಾದ 40 ಕ್ರೆಡಿಟ್ ತುಂಬುವ ಮೊದಲೇ ಊರಿಗೆ ಮರಳಿದವರಿಗೆ ಈ ಪಿಂಚಣಿ ಸಿಗುವುದಿಲ್ಲ. ಭಾರತ ಮತ್ತು ಅಮೆರಿಕದ ನಡುವೆ ಇದಕ್ಕೆ ಒಪ್ಪಂದವೂ ಆಗಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನ ಖರ್ಚನ್ನು ಬೇರೆಯಾಗಿ ನಾವೇ ನೋಡಿಕೊಳ್ಳಬೇಕು. ಆ ಒಪ್ಪಂದಕ್ಕಾಗಿ ನಾವು ದನಿ ಎತ್ತಲೇಬೇಕು.

ಆದರೂ ನಮ್ಮ ನಿಲುವು ಇಷ್ಟು: ಮಿತಿಯನ್ನು ಹಂತಹಂತವಾಗಿ ಏರಿಸುವುದೇ ನ್ಯಾಯ. ಸಾಫ್ಟ್‌ವೇರಿನಲ್ಲಿರುವ ನಮ್ಮಲ್ಲಿ ಹಲವರ ಜೇಬಿಗೂ ಇದು ತಟ್ಟೀತು. ಸಿರಿವಂತರೆಂದರೆ ಯಾವಾಗಲೂ ಪಕ್ಕದ ಬೀದಿಯವರೇ ಎಂದುಕೊಂಡರೆ ಹೇಗೆ? ಇಂದು ನಾವು ಕಟ್ಟುವವರು, ನಾಳೆ ನಾವೇ ಹಿರಿಯರು.

ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಮತದ ಹಕ್ಕಿರುವವರು ನಿಮ್ಮ ಪ್ರತಿನಿಧಿಗೆ ಬರೆದು ತಿಳಿಸಿ.