ಕೊಡಲಿ ಕಲಿಸುವ ಕತ್ತಿವರಸೆ

ಬೇಡ ನಾಯಕರು ಆಳಿದ ಸುರಪುರಕ್ಕೆ ಕತ್ತಿ ಹೊಸದಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಸೆಣಸಿದ ಊರದು. ಇಂದು ಸುರಪುರ, ಶಹಾಪುರ, ಯಾದಗಿರಿಯ ಮಕ್ಕಳಿಗೆ ಕತ್ತಿ ಬೇಕಿಲ್ಲ. ಆದರೆ ಕತ್ತಿವರಸೆಯ ಮೊದಲ ಪಾಠಗಳು ಅವರ ಮನೆಯಂಗಳದಲ್ಲೇ ಇವೆ.

ಜಪಾನಿನ ಕೆಂಡೊ ಕಲೆಯನ್ನೇ ನೋಡಿ. ಅಲ್ಲಿ ಎಡಗೈ ಹಿಡಿಕೆಯ ತುದಿಯಲ್ಲಿ, ಬಲಗೈ ಅದರ ಮುಂದೆ. ಕಿರುಬೆರಳು, ಉಂಗುರಬೆರಳು ಬಿಗಿ, ತೋರುಬೆರಳು ಸಡಿಲ. ಗಾಳಿಯಲ್ಲಿ ಮತ್ತೆ ಮತ್ತೆ ಬೀಸುವ ಅಭ್ಯಾಸಕ್ಕೆ 'ಸುಬುರಿ' ಎಂದು ಹೆಸರು. ಏಟು ತಾಗುವ ಕ್ಷಣದಲ್ಲಿ ಮಾತ್ರ ಎರಡೂ ಕೈ ಒಳಮುಖವಾಗಿ ಬಿಗಿಯಬೇಕು. ಇದಕ್ಕೆ ಅಲ್ಲಿನ ಗುರುಗಳು ಕೊಡುವ ಹೋಲಿಕೆ ಒದ್ದೆ ಬಟ್ಟೆ ಹಿಂಡುವುದು! ನಮ್ಮ ತಾಯಂದಿರು ದಿನವೂ ಮಾಡುವ ಕೆಲಸ.

ಇನ್ನು ಕಟ್ಟಿಗೆ ಒಡೆಯುವ ಕೆಲಸ. 2 ಕಿಲೋ ತೂಕದ ಕೊಡಲಿ 2 ಮೀಟರ್ ಎತ್ತರದಿಂದ ತಾನೇ ಬಿದ್ದರೆ ಅದರ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್, ಚಲನಶಕ್ತಿ ಸುಮಾರು 39 ಜೂಲ್. ವೇಗ ಅಷ್ಟೇ ಇದ್ದು ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ. ತೂಕ ಅಷ್ಟೇ ಇದ್ದು ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ! ಆದ್ದರಿಂದ ಭಾರದ ಕೊಡಲಿಗಿಂತ ಚುರುಕಾದ ಬೀಸು ಮೇಲು. ಆ ವೇಗ ತೋಳೊಂದರಿಂದಲೇ ಬರುವುದಿಲ್ಲ. ಪಾದದ ಒತ್ತು ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಕೈಗೆ ಹರಿದು ಬರಬೇಕು. ಭುಜ ಬಿಗಿ ಹಿಡಿದವನ ಸ್ನಾಯುಗಳು ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಬೀಸು ನಿಧಾನ, ದಣಿವು ಬೇಗ. ಕತ್ತಿ ಹಿಡಿದವನಿಗೂ ಇದೇ ನಿಯಮ.

ಒಂದು ಎಚ್ಚರಿಕೆ. ಕೊಡಲಿ ಹಿಡಿಯುವಾಗ ಹಿರಿಯರು ಜೊತೆಗಿರಲಿ. ಕಾಲುಗಳು ಅಗಲವಾಗಿರಲಿ. ಕೊಡಲಿ ಇಳಿಯುತ್ತಿದ್ದಂತೆ ಮೊಣಕಾಲು ಬಾಗಿಸಿದರೆ, ಗುರಿ ತಪ್ಪಿದ ಏಟು ಕಾಲಿಗಲ್ಲ, ನೆಲಕ್ಕೆ ಬೀಳುತ್ತದೆ. ತುಂಬಿದ ಕೊಡ ಎತ್ತುವಾಗಲೂ ಮೊಣಕಾಲೇ ಬಾಗಲಿ, ಬೆನ್ನು ನೇರವಿರಲಿ.

ಕಟ್ಟಿಗೆ ಒಡೆದವರೆಲ್ಲ ಕತ್ತಿವರಸೆಗಾರರಾಗುವುದಿಲ್ಲ, ನಿಜ. ಅದಕ್ಕೆ ಗುರು ಬೇಕು. ಆದರೆ ನಿಲುವು, ಹಿಡಿತ, ಉಸಿರು ಎಲ್ಲಿಯಾದರೂ ಕಲಿಯಬಹುದು. ಗಮನವಿಟ್ಟು ಮಾಡಿದ ಕೆಲಸ ತಾಲೀಮು. ಗೊಣಗುತ್ತ ಮಾಡಿದ್ದು ಬರೀ ದುಡಿಮೆ.

ಪಾಲಕರಿಗೆ ಎರಡು ಮಾತು. ಬಟ್ಟೆ ಹಿಂಡುವುದು ಹುಡುಗಿಯ ಕೆಲಸವೆಂದು ಹುಡುಗನನ್ನು ಬಿಟ್ಟರೆ ಒಂದು ಒಳ್ಳೆಯ ಪಾಠ ಅವನ ಕೈತಪ್ಪುತ್ತದೆ. ಮನೆಗೆಲಸಕ್ಕೆ ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಓದು ಕೆಡುವುದಿಲ್ಲ. ಆದರೆ ಹತ್ತಿ ಬಿಡಿಸಲೆಂದು ಮಕ್ಕಳನ್ನು ಶಾಲೆ ಬಿಡಿಸುವುದು ತಾಲೀಮಲ್ಲ. ಜೂಲ್‌ನ ಲೆಕ್ಕ ಶಾಲೆಯಲ್ಲೇ ಕಲಿಯಬೇಕು. ಅದರ ರುಚಿ ಅಂಗಳದಲ್ಲಿ ಸಿಗುತ್ತದೆ.