ಬ್ರೇಕು ಸವೆಯುತ್ತದೆ, ತಾನಾಗಿ ‘ಫೇಲ್’ ಆಗುವುದಿಲ್ಲ

ಹೋಳಿ ಹುಣ್ಣಿಮೆಯಾದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ. ಕಮಲಾಪುರದ ಕಡೆಯಿಂದ ಬಸ್ಸು ಹಿಡಿದು ಬರುವವರಿರುವಂತೆ, ಪಿಕಪ್ ಗಾಡಿಯ ಹಿಂಬದಿಯಲ್ಲಿ ಚಾಪೆ ಹಾಸಿ ಮಕ್ಕಳುಮರಿಗಳೊಡನೆ ಕುಳಿತು ಬರುವವರೂ ಇದ್ದಾರೆ. ಮುಂಜಾನೆ ಕೆಂಪು ಬಾಳೆಗೊನೆ ಹೊತ್ತ ಗಾಡಿಯೇ ಮಧ್ಯಾಹ್ನ ಮನುಷ್ಯರನ್ನು ಹೊರುತ್ತದೆ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧವೆಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಇಂದು ಆ ಗಾಡಿಯ ಬ್ರೇಕಿನ ಮಾತಷ್ಟನ್ನೇ ಆಡುತ್ತೇನೆ. ನನ್ನ ಕೈಯಲ್ಲಿ ಕಲಿತವರಲ್ಲಿ ಹಲವರು ಪಿಕಪ್ ಮಾಲೀಕರಾಗಿದ್ದಾರೆ. ಸಿಟ್ಟು ಬಂದರೂ ಪೂರ್ತಿ ಓದಲಿ.

ಅಪಘಾತವಾದ ಮರುದಿನ ಪತ್ರಿಕೆಯಲ್ಲಿ ‘ಬ್ರೇಕ್ ಫೇಲ್ ಆಗಿ’ ಎಂಬ ಮಾತು ಇದ್ದೇ ಇರುತ್ತದೆ. ವ್ಯಾಕರಣ ಕಲಿಸಿದವನಿಗೆ ಈ ವಾಕ್ಯ ನುಂಗಲಾರದ ತುತ್ತು. ಇದರಲ್ಲಿ ಕರ್ತೃವಿನ ಸ್ಥಾನದಲ್ಲಿ ಬ್ರೇಕು ಕುಳಿತಿದೆ. ಮಾಲೀಕನೂ ಇಲ್ಲ, ಚಾಲಕನೂ ಇಲ್ಲ. ವರ್ಷವಿಡೀ ಪುಸ್ತಕ ತೆರೆಯದ ಹುಡುಗ ಮಾರ್ಚಿಯಲ್ಲಿ ಫೇಲಾದಾಗ ಅದು ಆ ದಿನದ ಆಕಸ್ಮಿಕವೆಂದು ನಾವು ಯಾರೂ ಹೇಳಲಿಲ್ಲ. ಬ್ರೇಕಿಗೆ ಮಾತ್ರ ಈ ರಿಯಾಯಿತಿ ಏಕೆ?

ಬ್ರೇಕು ಸವೆಯಲೆಂದೇ ಮಾಡಿದ ವಸ್ತು. ಪಿಕಪ್ಪಿನ ಮುಂಗಾಲಿಗಳಿಗೆ ಸಾಮಾನ್ಯವಾಗಿ ಡಿಸ್ಕು, ಹಿಂಗಾಲಿಗಳಿಗೆ ಡ್ರಮ್ಮು. ಮುಂದಿನ ಪ್ಯಾಡು ತೀರಾ ತೆಳ್ಳಗಾದರೆ ಕೀರಲು ಸದ್ದು ಮಾಡಿ ಕರೆಯುತ್ತದೆ. ಹಿಂದಿನ ಲೈನರ್ ಡ್ರಮ್ಮಿನೊಳಗೆ ಅವಿತಿರುವುದರಿಂದ ಬಿಚ್ಚಿ ನೋಡದ ಹೊರತು ಕಾಣದು. ಸವೆದು ಸವೆದು ರಿವೆಟ್ಟಿನ ತಲೆ ಡ್ರಮ್ಮಿಗೆ ತಾಗಿತೆಂದರೆ ಡ್ರಮ್ಮಿನ ಒಳಮೈಯಲ್ಲಿ ಗೀರು ಬೀಳುತ್ತದೆ. ಲೈನರಿನಲ್ಲಿ ಉಳಿಸಿದ ಹಣ ಆಗ ಡ್ರಮ್ಮಿಗೆ ಹೋಗುತ್ತದೆ. ಇಷ್ಟಾದರೂ ನಮ್ಮವರ ಉತ್ತರ ಒಂದೇ: “ಇನ್ನಾ ಹಿಡೀತದ್ರೀ ಸರ್, ಜಾತ್ರಿ ಮುಗೀಲಿ.”

ಇದಕ್ಕಿಂತ ದೊಡ್ಡ ಮೋಸ ಬ್ರೇಕ್ ಆಯಿಲಿನದು. ಪ್ಯಾಡು ಸವೆದಂತೆ ಡಬ್ಬಿಯಲ್ಲಿ ಆಯಿಲಿನ ಮಟ್ಟ ಇಳಿಯುತ್ತದೆ. ಮಟ್ಟ ಇಳಿದರೆ ಪ್ಯಾಡು ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಎರಡಕ್ಕೂ ಗಾಲಿ ಬಿಚ್ಚಿ ನೋಡುವುದೇ ದಾರಿ. ನಮ್ಮ ಚಾಲಕ ಮಾಡುವುದೇನು? ಬಾಟಲಿ ತಂದು ಸುರಿದು ಡಬ್ಬಿ ತುಂಬುತ್ತಾನೆ. ಗಾಡಿ ತಾನಾಗಿ ಕೊಟ್ಟ ಎಚ್ಚರಿಕೆಯನ್ನು ತನ್ನ ಕೈಯಿಂದಲೇ ಅಳಿಸುತ್ತಾನೆ. ಆ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಹಳೆಯದಾದಷ್ಟೂ ಕಡಿಮೆ ಶಾಖಕ್ಕೆ ಕುದಿಯುತ್ತದೆ. ಕುದಿದಾಗ ಹುಟ್ಟುವ ಆವಿ ಒತ್ತಿದರೆ ಕುಗ್ಗುವುದರಿಂದ ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕಾದದ್ದು ಅದಕ್ಕಾಗಿಯೇ.

ಶಾಖ ಎಲ್ಲಿಂದ ಬರುತ್ತದೆ ಎಂಬುದನ್ನು ನಿಮ್ಮ ವಿಜ್ಞಾನದ ಮಾಸ್ತರರು ಕರಿಹಲಗೆಯ ಮೇಲೆ ಬರೆದಿದ್ದರು. ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕಿಂತ 80ರಿಂದ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಹೊರೆ ಹೆಚ್ಚಿದಷ್ಟೂ ಅದು ಇನ್ನೂ ಏರುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಜಾಣರಂತೂ ಎಂಜಿನ್ ಹಿಡಿಯಬೇಕಾದ ಭಾರವನ್ನೆಲ್ಲ ಅದೇ ಸವೆದ ಲೈನರಿನ ಮೇಲೆ ಹೇರುತ್ತಾರೆ.

“ಎಫ್‌ಸಿ ಆಗ್ಯಾದ್ರೀ” ಎನ್ನುವವರಿಗೆ ಒಂದು ಮಾತು. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಆ ಪತ್ರ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ತಪಾಸಣೆಯ ದಿನ ಬ್ರೇಕು ಹಿಡಿಯಿತೆಂಬುದಕ್ಕೆ ಅದು ಸಾಕ್ಷಿ. ಅನಂತರದ ಸಾವಿರಾರು ಕಿಲೋಮೀಟರಿಗೆ ಸಾಕ್ಷಿ ನುಡಿಯುವವರು ಯಾರು? ಇನ್ನು ಆಯುಧಪೂಜೆಯ ದಿನ ಗಾಲಿಯಡಿ ನಿಂಬೆಹಣ್ಣು ಇಡುವವರನ್ನು ನಾನು ಗೇಲಿ ಮಾಡಲಾರೆ. ನಮ್ಮ ಮನೆಯ ಸೈಕಲ್ಲಿಗೂ ಇಟ್ಟದ್ದುಂಟು. ಆದರೆ ನಮ್ಮ ನಾಡಿನ ರಥೋತ್ಸವಗಳನ್ನೇ ನೋಡಿರಿ. ದೇವರೇ ಕುಳಿತ ರಥವೆಂದು ಗಾಲಿಯನ್ನು ದೇವರಿಗೆ ಬಿಡುವುದಿಲ್ಲ. ಮರದ ಬೆಣೆ ಹಿಡಿದ ಗಟ್ಟಿಗರು ಗಾಲಿಯ ಪಕ್ಕದಲ್ಲೇ ನಡೆಯುತ್ತಾರೆ, ಜನರೆಲ್ಲ ಕಳಸ ನೋಡುತ್ತಿರುವಾಗ ಅವರ ಕಣ್ಣು ನೆಲದ ಮೇಲಿರುತ್ತದೆ.

ಮಾಲೀಕರಾದ ಶಿಷ್ಯರು ಜಾತ್ರೆಗೆ ಮೊದಲು ನಾಲ್ಕೂ ಗಾಲಿ ಬಿಚ್ಚಿಸಲಿ. ಒಂದು ಬದಿಯ ಲೈನರ್ ಹೋಗಿದ್ದರೆ ಅದೇ ಅಚ್ಚಿನ ಎರಡೂ ಬದಿಗೆ ಹೊಸದು ಹಾಕಿಸಲಿ. ಒಂದೇ ಕಡೆ ಹಾಕಿದರೆ ಬ್ರೇಕು ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಅಗ್ಗದ ನಕಲಿ ಮಾಲು ಬೇಡ. ಹೊಸ ಲೈನರ್ ಕೂಡಿಕೊಳ್ಳುವ ತನಕ ಹೊರೆ ಕಡಿಮೆ ಇರಲಿ. ಬಂಧುಗಳಿಗೆ ನನ್ನ ಬೇಡಿಕೆ ಇಷ್ಟೇ: ಪಿಕಪ್ ಹತ್ತಲು ಕಾಲೆತ್ತುವ ಮೊದಲು, ಹಿಂದಿನ ಡ್ರಮ್ಮು ಯಾವಾಗ ಬಿಚ್ಚಿಸಿದ್ದೆಯಪ್ಪಾ ಎಂದು ಕೇಳಿರಿ. ತಿಂಗಳು ಹೇಳಲು ತಡವರಿಸಿದರೆ ಮಕ್ಕಳ ಕೈಹಿಡಿದು ಬಸ್ ನಿಲ್ದಾಣಕ್ಕೆ ನಡೆಯಿರಿ. ಹೇಳಿದರೂ ಅತ್ತಲೇ ನಡೆಯುವುದು ಲೇಸು.